ಅಡುಗೆ ಬರುತ್ತದೆ, ಅಡುಗೆಮನೆ ಇಲ್ಲ

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ ಬಾರುಗಳಿಗೆ ಹೆಚ್ಚುಕಡಿಮೆ ಎರಡು ದಶಕ ಒಬ್ಬ ಹೆಣ್ಣುಮಗಳು ರಾತ್ರಿ ಹೊತ್ತು ಪೆಟ್ಟಿಗೆ ಎಳೆದುಕೊಂಡು ಬರುತ್ತಿದ್ದರು. ಐಸು ತುಂಬಿ ಬಿಯರ್ ಇಡಲೆಂದು ಮಾಡಿದ ಪೆಟ್ಟಿಗೆ ಅದು. ಅವರು ಇಡುತ್ತಿದ್ದದ್ದು ಹಬೆಯಾಡುವ ತಮಾಲೆ. ಮುಸುಕಿನ ಜೋಳದ ಹಿಟ್ಟಿನೊಳಗೆ ಮಾಂಸವನ್ನೋ ಮೆಣಸಿನಕಾಯಿಯನ್ನೋ ತುಂಬಿ, ಅದೇ ಜೋಳದ ಮುಸುಕಿನಲ್ಲಿ ಸುತ್ತಿ ಬೇಯಿಸಿದ್ದು. ನಮ್ಮ ಕೊಟ್ಟೆ ಕಡುಬಿಗೆ ದೂರದ ನೆಂಟ ಅನ್ನಬಹುದು. ಮೆಕ್ಸಿಕೊದಿಂದ ಬಂದು ನೆಲೆಸಿದ ಆಕೆಯ ಹೆಸರು ವರ್ಜೀನಿಯಾ ರಾಮೋಸ್. ಊರಿನವರ ಬಾಯಲ್ಲಿ ಅವರು ‘ತಮಾಲೆ ಲೇಡಿ’. ಏಳು ಮಕ್ಕಳ ಸಂಸಾರ ಈ ಪೆಟ್ಟಿಗೆಯ ಮೇಲೆ ನಡೆಯಿತು.

2013ರಲ್ಲಿ ಆರೋಗ್ಯ ಇಲಾಖೆಯ ನಿಯಮ ಅಡ್ಡ ಬಂತು. ಅವರು ಖಾಯಂ ಹೋಗುತ್ತಿದ್ದ ಬಾರೊಂದು, ಇನ್ನು ನಮ್ಮಲ್ಲಿ ಮಾರುವುದು ಬೇಡ ಎಂದಿತು. ಗಿರಾಕಿಗಳು ಬೇಸರಪಟ್ಟುಕೊಂಡು ಸುಮ್ಮನಾಗಲಿಲ್ಲ, ಆಕೆಗೊಂದು ಸ್ವಂತ ಅಂಗಡಿಯಾಗಲಿ ಎಂದು ದುಡ್ಡು ಕೂಡಿಸಲು ಹೊರಟರು. ಅಂಗಡಿಯ ತಯಾರಿಗೆ ವರ್ಷಗಳೇ ಹಿಡಿದವು. ಇನ್ನೇನು ತೆರೆಯಬೇಕು ಅನ್ನುವಷ್ಟರಲ್ಲಿ, 2018ರ ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡರು. ಇಪ್ಪತ್ತು ವರ್ಷ ಊರೇ ಚಪ್ಪರಿಸಿ ತಿಂದ ತಮಾಲೆಯ ರುಚಿಯ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಅದು ಬೆಂದ ಜಾಗದ ಬಗ್ಗೆ.

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಮಾಡಿದ ತಿನಿಸನ್ನು ಮಾರಲು ಕಾನೂನಿನ ದಾರಿ ತೆರೆದುಕೊಂಡದ್ದೇ 2013ರಲ್ಲಿ. ಅದೂ ಬ್ರೆಡ್ಡು, ಜಾಮು, ಒಣತಿಂಡಿಗಳಂಥ ಬೇಗ ಕೆಡದ ಪದಾರ್ಥಗಳಿಗೆ ಮಾತ್ರ. ಮಾಂಸ, ಕೆನೆ, ಬಿಸಿ ಅಡುಗೆ ಎಲ್ಲ ಹೊರಗೇ ಉಳಿದವು. 2018ರಲ್ಲಿ ಬಂದ ಇನ್ನೊಂದು ಕಾನೂನು ಮನೆಯ ಬಿಸಿಯೂಟಕ್ಕೂ ಒಪ್ಪಿಗೆ ಕೊಟ್ಟಿತು. ದಿನಕ್ಕೆ 30 ಊಟ, ವಾರಕ್ಕೆ 60, ವರ್ಷದ ವಹಿವಾಟು 50 ಸಾವಿರ ಡಾಲರ್ ಮೀರಬಾರದು ಎಂಬ ಷರತ್ತುಗಳಿದ್ದವು. ಮುಂದೆ ಇವು ಸಡಿಲಗೊಂಡವು. ಆದರೆ ಆಯಾ ಕೌಂಟಿ ತಾನಾಗಿ ಒಪ್ಪಿಕೊಂಡರೆ ಮಾತ್ರ ಕಾನೂನು ಅಲ್ಲಿ ಜಾರಿ. ಮೊದಲು ಒಪ್ಪಿದ್ದು ದಕ್ಷಿಣದ ರಿವರ್‌ಸೈಡ್ ಕೌಂಟಿ. ಉಳಿದವು ನಿಧಾನವಾಗಿ, ಕೆಲವು ಇನ್ನೂ ನಿಧಾನವಾಗಿ. ಸಿಲಿಕಾನ್ ಕಣಿವೆಯ ವಾಟ್ಸಾಪ್ ಗುಂಪುಗಳಲ್ಲಿ ಹೋಳಿಗೆಗೂ ಟಿಫಿನ್ ಡಬ್ಬಿಗೂ ಆರ್ಡರ್ ಹಿಡಿಯುವ ನಮ್ಮವರು ಈ ಕಾನೂನನ್ನು ಒಮ್ಮೆ ಓದುವುದು ಒಳ್ಳೆಯದು. ಗಂಡನ ಎಚ್-1ಬಿ ವೀಸಾಕ್ಕೆ ಅಂಟಿಕೊಂಡು ಎಚ್-4ರಲ್ಲಿ ಹೋದವರಿಗಂತೂ ಅಡುಗೆಮನೆಗಿಂತ ಮುಂಚೆ ದುಡಿಯುವ ಪರವಾನಗಿಯದೇ ಪ್ರಶ್ನೆ. 2015ರ ಬಳಿಕ ಅವರಲ್ಲಿ ಕೆಲವರಿಗೆ ಅದು ಸಿಗುತ್ತಿದೆ, ಎಲ್ಲರಿಗೂ ಅಲ್ಲ.

ಮನೆಯಲ್ಲಿ ಬೇಡ ಎಂದಾದರೆ ಪರವಾನಗಿ ಇರುವ ಅಡುಗೆಮನೆ ಬೇಕು. ಹಾಗೆಂದರೆ ದೊಡ್ಡ ಒಲೆ ಇರುವ ಕೋಣೆ ಎಂದು ನಾವು ತಿಳಿಯುತ್ತೇವೆ. ಇನ್ಸ್‌ಪೆಕ್ಟರ್ ಬಂದು ಮೊದಲು ನೋಡುವುದು ಒಲೆಯನ್ನಲ್ಲ, ಸಿಂಕನ್ನು. ಪಾತ್ರೆ ಉಜ್ಜಲು ಒಂದು, ಜಾಲಾಡಲು ಒಂದು, ಕ್ರಿಮಿನಾಶಕ ನೀರಿನಲ್ಲಿ ಅದ್ದಲು ಒಂದು, ಹೀಗೆ ಮೂರು ತೊಟ್ಟಿ. ಕೈ ತೊಳೆಯಲು ಇನ್ನೊಂದು ಬೇರೆ, ಅದರಲ್ಲಿ ತರಕಾರಿ ತೊಳೆದರೆ ತಪ್ಪು. ಜಿಡ್ಡು ಚರಂಡಿಗೆ ಹೋಗದಂತೆ ತಡೆಯುವ ಗುಂಡಿ, ಹೊಗೆ ಎಳೆಯುವ ದೊಡ್ಡ ಚಿಮಣಿ, ಅದಕ್ಕೆ ಬೆಂಕಿ ಆರಿಸುವ ವ್ಯವಸ್ಥೆ, ಒಳಗೆ ನಡೆದು ಹೋಗುವಷ್ಟು ದೊಡ್ಡ ಶೀತಲ ಕೋಣೆ, ವಿಮೆ. ಇಷ್ಟನ್ನೂ ಸ್ಯಾನ್ ಫ್ರಾನ್ಸಿಸ್ಕೊದಂಥ ಊರಿನಲ್ಲಿ ಹೊಸದಾಗಿ ಕಟ್ಟಿಸಲು ಲಕ್ಷಗಳ ಲೆಕ್ಕ, ಡಾಲರಿನ ಲಕ್ಷ. ಬೇರೆಯವರ ಮನೆ ಗುಡಿಸುವ, ಬೇರೆಯವರ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹೆಂಗಸು ಈ ದುಡ್ಡನ್ನು ಯಾವ ಬ್ಯಾಂಕಿನಲ್ಲಿ ಕೇಳಬೇಕು?

ಅಂಥವರಿಗಾಗಿ 2005ರಲ್ಲಿ ಮಿಷನ್ ಬಡಾವಣೆಯ ಫೋಲ್ಸಮ್ ಬೀದಿಯಲ್ಲಿ ಲಾ ಕೊಸೀನಾ ಬಾಗಿಲು ತೆರೆಯಿತು. ಲಾಭಕ್ಕಲ್ಲದೆ ನಡೆಯುವ ಸಂಸ್ಥೆ. ಅದರ ಬಂಡವಾಳ ಸುಮಾರು 4,400 ಚದರಡಿಯ, ಎಲ್ಲ ಪರವಾನಗಿಗಳೂ ಇರುವ ಒಂದು ಅಡುಗೆಮನೆ. ಬಡ ಕುಟುಂಬಗಳ, ಮುಖ್ಯವಾಗಿ ವಲಸೆ ಬಂದ ಹೆಂಗಸರು ಇಲ್ಲಿ ಗಂಟೆಯ ಲೆಕ್ಕದಲ್ಲಿ, ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಒಲೆ ಹಿಡಿಯಬಹುದು. ಮಿಷನ್ ದಶಕಗಳಿಂದ ಲ್ಯಾಟಿನ್ ಅಮೆರಿಕದಿಂದ ಬಂದವರ ಕೇರಿ. ಮನೆಯಲ್ಲಿ ಕದ್ದುಮುಚ್ಚಿ ಬೇಯಿಸಿ ಬೀದಿಯಲ್ಲಿ ಮಾರುವವರು ಅಲ್ಲಿ ಆಗಲೇ ಬೇಕಾದಷ್ಟು ಮಂದಿ ಇದ್ದರು. ಸಂಸ್ಥೆ ಹೊಸದಾಗಿ ಉದ್ಯಮಿಗಳನ್ನು ಸೃಷ್ಟಿಸಲು ಹೋಗಲಿಲ್ಲ, ಇದ್ದವರಿಗೆ ಒಂದು ವಿಳಾಸ ಕೊಟ್ಟಿತು. ಇಂಥ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಇದರ ತದ್ವಿರುದ್ಧ ಮಾಡುತ್ತಾರೆ. ಬಡವರಿಗೆ ಏನೂ ಗೊತ್ತಿಲ್ಲವೆಂದು ಹೊರಟು, ಗೊತ್ತಿರುವುದನ್ನೇ ಮತ್ತೆ ಕಲಿಸಿ, ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

ಹಾಗಾದರೆ ಲಾ ಕೊಸೀನಾದಲ್ಲಿ ಕಲಿಸುವುದು ಏನು? ಸೇರಲು ಅರ್ಜಿ ಹಾಕಬೇಕು, ಕೈರುಚಿ ತೋರಿಸಬೇಕು. ಆಯ್ಕೆಯಾದರೆ ಮೊದಲ ಆರು ತಿಂಗಳು ಸರಕು, ಮಾರಾಟ, ಹಣಕಾಸು, ದಿನನಿತ್ಯದ ನಡೆಸುವಿಕೆಯ ಪಾಠ. ಆಮೇಲೆ ಅಡುಗೆಮನೆಯಲ್ಲಿ ವ್ಯಾಪಾರ ಶುರು. ಕೆಲವು ವರ್ಷಗಳಲ್ಲಿ ತಮ್ಮ ಕಾಲ ಮೇಲೆ ನಿಂತು ಹೊರಹೋಗಬೇಕು, ಜಾಗ ಮುಂದಿನವರಿಗೆ. ಕೇಳಲು ಯಾವುದೋ ಕಾಲೇಜಿನ ಪಠ್ಯಕ್ರಮದಂತೆಯೇ ಇದೆ. ಒಳಗಿನ ವಿವರಗಳು ಮಾತ್ರ ಅಡುಗೆ ಬಲ್ಲವರನ್ನೂ ತಬ್ಬಿಬ್ಬುಗೊಳಿಸುವಂಥವು.

ಒಂದು ದೊಡ್ಡ ಹಂಡೆ ಸಾರನ್ನು ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಅದನ್ನು ಒಲೆಯ ಮೇಲೇ ಬಿಟ್ಟು ಮಲಗುತ್ತೇವೆ, ಬೆಳಿಗ್ಗೆ ಕುದಿಸಿದರಾಯಿತು. ಅಮೆರಿಕದ ಆಹಾರ ಸಂಹಿತೆಯ ಪ್ರಕಾರ 57 ಡಿಗ್ರಿ ಸೆಲ್ಸಿಯಸ್‌ನಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆ. 57 ಮತ್ತು 5ರ ನಡುವೆ ಹೆಚ್ಚು ಹೊತ್ತು ನಿಂತಷ್ಟೂ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕುದಿಸಿದರೆ ಸತ್ತಾವು, ಆದರೆ ಕೆಲವು ಬಿಟ್ಟುಹೋದ ವಿಷ ಕುದಿಸಿದರೂ ಹೋಗದು. ಅದಕ್ಕೇ ಹಂಡೆಯನ್ನು ಅಗಲವಾದ ತಟ್ಟೆಗಳಿಗೆ ಸುರಿದು, ಐಸಿನ ನೀರಿನಲ್ಲಿಟ್ಟು, ಥರ್ಮಾಮೀಟರ್ ಚುಚ್ಚಿ, ಹೊತ್ತನ್ನು ಬರೆದಿಡಬೇಕು. ಬರೆದಿಡುವುದು ಮುಖ್ಯ. ಅಜ್ಜಿಯಿಂದ ಕಲಿತ ಅಡುಗೆಯಲ್ಲಿ ಬರವಣಿಗೆಗೆ ಜಾಗವೇ ಇರಲಿಲ್ಲವಲ್ಲ.

ಅಳತೆಯದು ಇನ್ನೊಂದು ಪೇಚು. ಉಪ್ಪು ಎಷ್ಟು ಎಂದರೆ ‘ರುಚಿಗೆ ತಕ್ಕಷ್ಟು’, ಹಿಟ್ಟಿಗೆ ನೀರು ಎಷ್ಟು ಎಂದರೆ ‘ಹಿಡಿಸುವಷ್ಟು’. ಮನೆಗೆ ಇದು ಸರಿ. ಇನ್ನೂರು ಊಟದ ಆರ್ಡರ್ ಬಂದಾಗ, ತನ್ನ ಬದಲು ಕೂಲಿಯಾಳು ಕಲಸುವಾಗ, ಕಣ್ಣಂದಾಜು ಕೈಕೊಡುತ್ತದೆ. ಎಲ್ಲವನ್ನೂ ಗ್ರಾಮಿನಲ್ಲಿ ತೂಗಿ ಬರೆಯಬೇಕು. ತೂಗಿ ಬರೆದ ಮೇಲೆಯೇ ಗೊತ್ತಾಗುವುದು ಒಂದು ತಮಾಲೆಗೆ ನಿಜವಾಗಿ ಎಷ್ಟು ಖರ್ಚು ಬಿತ್ತೆಂದು. ಸಾಮಾನಿನ ಖರ್ಚು ಮಾರುವ ಬೆಲೆಯ ಮೂರನೇ ಒಂದು ಭಾಗ ದಾಟಬಾರದು ಎನ್ನುವುದು ಹೋಟೆಲ್ ದಂಧೆಯ ಹಳೆಯ ಲೆಕ್ಕ. ಉಳಿದದ್ದು ಬಾಡಿಗೆಗೆ, ಗ್ಯಾಸಿಗೆ, ಡಬ್ಬಿಗೆ, ಹಾಳಾಗಿ ಎಸೆದದ್ದಕ್ಕೆ. ಮತ್ತು ಕೂಲಿಗೆ. ಈ ಕೊನೆಯದನ್ನು ಹೆಂಗಸರು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸಿದ್ದಕ್ಕೆ ತನಗೆ ತಾನೇ ಸಂಬಳ ಹಾಕಿಕೊಳ್ಳುವುದು ಎಂದರೆ ಏನೋ ಮುಜುಗರ. ಕೊನೆಗೆ ನೋಡಿದರೆ ವ್ಯಾಪಾರ ಚೆನ್ನಾಗಿ ನಡೆದಿರುತ್ತದೆ, ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ. ಇಂಥ ತರಬೇತಿಗಳಲ್ಲಿ ಅತ್ಯಂತ ಬೆಲೆಬಾಳುವ ಪಾಠ ಯಾವುದು ಎಂದು ನನ್ನನ್ನು ಕೇಳಿದರೆ ಈ ಒಂದು ಸಾಲಿನ ಕೂಲಿ ಲೆಕ್ಕವನ್ನೇ ತೋರಿಸುತ್ತೇನೆ.

ಲಾ ಕೊಸೀನಾದಿಂದ ಹೊರಬಂದವರ ಹಿನ್ನೆಲೆ ನೋಡಿದರೆ ರುಚಿಯ ಕೊರತೆ ಅವರ್ಯಾರಿಗೂ ಇರಲಿಲ್ಲ ಎಂಬುದು ಸ್ಪಷ್ಟ. ಅಜಲೀನಾ ಯೂಸೋಪ್ ಮಲೇಷ್ಯಾದ ಪೆನಾಂಗ್‌ನವರು. ತಮಿಳುನಾಡಿನ ಕಡೆಯಿಂದ ಸಮುದ್ರ ದಾಟಿ ಹೋದ ಮುಸ್ಲಿಮರ ವಂಶಸ್ಥರಾದ ‘ಮಾಮಕ್’ ಸಮುದಾಯಕ್ಕೆ ಸೇರಿದವರು, ಬೀದಿಬದಿ ತಿಂಡಿ ವ್ಯಾಪಾರದಲ್ಲಿ ಐದನೆಯ ತಲೆಮಾರು. ಐದು ತಲೆಮಾರಿನ ಕಸುಬೂ ಹೊಸ ಊರಿನ ಒಂದು ಅರ್ಜಿ ನಮೂನೆಯ ಮುಂದೆ ಅಆಇಈಯಿಂದ ಶುರುವಾಗಬೇಕು. ಕಾಠ್ಮಂಡುವಿನ ಬಿನೀತಾ ಪ್ರಧಾನ್ ಲಾ ಕೊಸೀನಾದಿಂದಲೇ ಮೋಮೊ ಮಾರುತ್ತ ಬೆಳೆದು, ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ಕೇಂದ್ರದ ರೈಲು ನಿಲ್ದಾಣದ ಬಳಿ ಗೂಡಂಗಡಿ ಹಾಕಿದರು, ಆಮೇಲೆ ಹೋಟೆಲು. ಹೀನಾ ಪಟೇಲ್ ಗುಜರಾತಿ. ಅಮೆರಿಕಕ್ಕೆ ಹೋಗಿ ಗಂಡನ ಜೊತೆ ವರ್ಷಗಟ್ಟಲೆ ಅಂಗಡಿ ನಡೆಸಿ, ಮಕ್ಕಳು ದೊಡ್ಡವರಾದ ಮೇಲೆ ಅಡುಗೆಗೆ ಇಳಿದರು. 2018ರಲ್ಲಿ ಅವರು ತೆರೆದ ಹೋಟೆಲಿನ ಹೆಸರು ‘ಬೇಶರಮ್’. ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನೀಟ್ ಯುನ್ ಅವರ ಕಥೆ ಇನ್ನೊಂದು ತೆರನದು. ಕಾಂಬೋಡಿಯಾದ ಖ್ಮೇರ್ ರೂಜ್ ಹತ್ಯಾಕಾಂಡದಿಂದ ತಪ್ಪಿಸಿಕೊಂಡ ತಂದೆತಾಯಿಗೆ ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಬೆಳೆದವರು. ಓಕ್ಲೆಂಡಿನ ಫ್ರೂಟ್‌ವೇಲ್‌ನಲ್ಲಿ 2018ರಲ್ಲಿ ಅವರು ತೆರೆದ ‘ನ್ಯುಮ್ ಬಾಯ್’ ಅದೇ ವರ್ಷ ದೇಶದ ಅತ್ಯುತ್ತಮ ಹೊಸ ಹೋಟೆಲುಗಳ ಸಾಲಿನಲ್ಲಿ ನಿಂತಿತು. ಮುಂದೆ ಅದು ಮುಚ್ಚಿತು. ಅವರು ಸ್ಯಾನ್ ಫ್ರಾನ್ಸಿಸ್ಕೊದ ಫೆರ್ರಿ ಬಿಲ್ಡಿಂಗಿನಲ್ಲಿ ಇನ್ನೊಂದನ್ನು ತೆರೆದರು. ಹೋಟೆಲ್ ದಂಧೆಯಲ್ಲಿ ಮುಚ್ಚುವುದೂ ತೆರೆಯುವುದೂ ಮಾಮೂಲು. ಪ್ರಶಸ್ತಿಗಳ ಪಟ್ಟಿ ಓದಿ ಹಿಗ್ಗುವ ನಾವು ಅದನ್ನು ಮರೆಯುತ್ತೇವೆ.

ಇಷ್ಟು ಓದಿದ ಕರಾವಳಿಯ ಓದುಗರೊಬ್ಬರು, ‘ಇದೇನು ಹೊಸತು ಮಾರಾಯ್ರೆ, ನಮ್ಮ ಉಡುಪಿ ಹೋಟೆಲು ಇದೇ ಅಲ್ಲವಾ’ ಎನ್ನಬಹುದು. ಅದು ನಿಜವೂ ಹೌದು. ಬೊಂಬಾಯಿ, ಮದರಾಸುಗಳಲ್ಲಿ ತುಳುನಾಡಿನ ಹುಡುಗರು ಕಟ್ಟಿದ ಹೋಟೆಲುಗಳ ಹಿಂದೆ ಇದ್ದದ್ದು ಹೆಸರಿಲ್ಲದ ಒಂದು ತರಬೇತಿ ಶಾಲೆಯೇ. ಊರಿನಿಂದ ಬಂದ ಹುಡುಗ ಮೊದಲು ಟೇಬಲ್ ಒರೆಸುವ ಕ್ಲೀನರ್, ಆಮೇಲೆ ಮಾಣಿ, ಆಮೇಲೆ ಭಟ್ಟರ ಕೈಕೆಳಗೆ ಒಳಗೆ, ಆಮೇಲೆ ಸಾಮಾನು ಖರೀದಿ, ನಂಬಿಕೆ ಗಳಿಸಿದರೆ ಗಲ್ಲಾ. ಗಲ್ಲಾದಲ್ಲಿ ಕೂತವನಿಗೆ ದಂಧೆಯ ಗುಟ್ಟೆಲ್ಲ ತಿಳಿದಿರುತ್ತಿತ್ತು. ಮುಂದಿನ ಹೆಜ್ಜೆಗೆ ಧಣಿಯೋ ಊರಿನ ಇನ್ನೊಬ್ಬರೋ ಪಾಲುದಾರರಾಗುತ್ತಿದ್ದರು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಸಹಾಯಕನಾಗಿ ಶುರುಮಾಡಿ 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ್ದು, ಎ. ರಾಮ ನಾಯಕರು ಬಾಲ್ಯದಲ್ಲೇ ಮುಂಬಯಿ ಸೇರಿ ಹೋಟೆಲು ಕೆಲಸ ಮಾಡಿ 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಈ ಮೆಟ್ಟಿಲುಗಳನ್ನು ಹತ್ತಿಯೇ.

ಹೋಟೆಲಿನಾಚೆಗೂ ಆಸರೆ ಇತ್ತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲು ತಟ್ಟೆ ಎತ್ತಿದ ಹುಡುಗರು ಸಂಜೆ ಸ್ಲೇಟು ಹಿಡಿದರು. ಹಾಗೆ ಓದಿ ವಕೀಲರಾದವರು, ಬರಹಗಾರರಾದವರು ಮುಂಬಯಿ ಕನ್ನಡಿಗರಲ್ಲಿ ಕಡಿಮೆಯಿಲ್ಲ. ಜಾತಿ ಸಂಘಗಳು ಹಾಸ್ಟೆಲು ಕಟ್ಟಿದವು, ಬ್ಯಾಂಕನ್ನೂ ಕಟ್ಟಿದವು. ಮುಂಬಯಿಯ ಬಿಲ್ಲವರ ಸಂಘ 1978ರಲ್ಲಿ ಹುಟ್ಟುಹಾಕಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಇವತ್ತು ನಗರದ ದೊಡ್ಡ ಸಹಕಾರಿ ಬ್ಯಾಂಕುಗಳಲ್ಲಿ ಒಂದು. ಬೇರೆ ಬ್ಯಾಂಕಿನ ಮ್ಯಾನೇಜರ್ ‘ಆಸ್ತಿ ಏನಿದೆ’ ಎಂದು ಕೇಳುವಲ್ಲಿ ನಮ್ಮವರ ಬ್ಯಾಂಕು ‘ಯಾರ ಮಗ’ ಎಂದು ಕೇಳುತ್ತಿತ್ತು. ಸಾಲ ಮರಳಿ ಬರುತ್ತದೆಯೇ ಎಂಬುದಕ್ಕೆ ಎರಡನೆಯ ಪ್ರಶ್ನೆಯಿಂದಲೂ ಅಷ್ಟೇ ಒಳ್ಳೆಯ ಉತ್ತರ ಸಿಗುತ್ತದೆ.

ಆದರೆ ‘ಯಾರ ಮಗ’ ಎಂಬ ಪ್ರಶ್ನೆಯಲ್ಲೇ ಈ ಶಾಲೆಯ ಬೇಲಿಯೂ ಇದೆ. ಮಗ ಆಗಿರಬೇಕು, ಮಗಳಲ್ಲ. ನಮ್ಮ ಊರಿನ, ನಮ್ಮ ಜನದ ಮಗ ಆಗಿರಬೇಕು. ಉಡುಪಿ ಹೋಟೆಲಿನ ರುಚಿಯ ಮೂಲ ಮನೆಯ ಹೆಂಗಸರ ಕೈಯೇ, ಆದರೆ ಹೋಟೆಲಿನ ಅಡುಗೆಮನೆ ಪೂರ್ತಿ ಗಂಡಸರದು. ಊರಿನವರ ಬಲವಿಲ್ಲದವರಿಗೆ, ಗಂಡನನ್ನು ಬಿಟ್ಟು ಬಂದವಳಿಗೆ, ಒಂಟಿ ತಾಯಿಗೆ ಈ ಏಣಿಯ ಮೊದಲ ಮೆಟ್ಟಿಲೂ ಕಾಣದು. ಲಾ ಕೊಸೀನಾದ ಅಡುಗೆಮನೆ ಮಾಟುಂಗಾದ ಹೋಟೆಲುಗಳಿಗಿಂತ ಜಾಣತನದ್ದೇನಲ್ಲ. ಎಷ್ಟೋ ವಿಷಯಗಳಲ್ಲಿ ಮಾಟುಂಗಾವೇ ಹೆಚ್ಚು ಗಟ್ಟಿ, ಯಾರ ದೇಣಿಗೆಯ ಹಂಗೂ ಅದಕ್ಕಿರಲಿಲ್ಲ. ಆದರೆ ಲಾ ಕೊಸೀನಾದ ಒಳಗೆ ಹೋಗಲು ರಕ್ತಸಂಬಂಧ ಬೇಕಿಲ್ಲ, ಒಂದು ಅರ್ಜಿ ಸಾಕು. ನನ್ನ ಮಟ್ಟಿಗೆ ಈ ಒಂದು ವ್ಯತ್ಯಾಸಕ್ಕೇ ಅದು ಬರೆಯಲು ತಕ್ಕ ವಿಷಯ.

ಅರ್ಜಿಯೂ ಇಲ್ಲದೆ, ಜಾತಿಯನ್ನೂ ನೆಚ್ಚದೆ ಇದೇ ಕೆಲಸವನ್ನು ಮಾಡಿದವರು ಮುಂಬಯಿಯಲ್ಲೇ ಇದ್ದರು, ಮಾಟುಂಗಾದಿಂದ ಕೂಗಳತೆಯ ದೂರದಲ್ಲಿ. ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕೇರಿಯಲ್ಲಿ ಕೊಂಕಣ, ಸಾತಾರಾ, ಕೊಲ್ಲಾಪುರಗಳಿಂದ ಬಂದ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಚಾಳಿನ ಒಂದೊಂದು ಕೋಣೆಯಲ್ಲಿ ಹತ್ತಾರು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದರು. ಅವರ ಊಟ ಖಾನಾವಳಿಯಲ್ಲಿ. ಉತ್ತರ ಕರ್ನಾಟಕದವರು ಖಾನಾವಳಿ ಎಂದರೆ ಬೋರ್ಡು ತೂಗುವ ಹೋಟೆಲನ್ನು ನೆನೆಯುತ್ತಾರೆ. ಗಿರಣಿ ಕೇರಿಯಲ್ಲಿ ಅದು ಒಬ್ಬ ಹೆಂಗಸಿನ ಒಂದೇ ಕೋಣೆಯ ಮನೆ. ಗಂಡ ಗಿರಣಿಯಲ್ಲಿ ಕೆಲಸ ಕಳೆದುಕೊಂಡವನೋ, ಸತ್ತವನೋ, ಕುಡುಕನೋ. ಅವಳು ತಿಂಗಳ ಲೆಕ್ಕದಲ್ಲಿ ಹತ್ತಿಪ್ಪತ್ತು ಕಾರ್ಮಿಕರಿಗೆ ಎರಡು ಹೊತ್ತು ಬೇಯಿಸಿ ಹಾಕುವಳು. ಗಿರಾಕಿ ದುಡ್ಡು ಕೊಡುವುದು ಪಗಾರ ಬಂದ ಮೇಲೆ, ಅಕ್ಕಿ ಬೇಳೆ ಬೇಕಾಗುವುದು ದಿನಾ. ಈ ಒಂದು ತಿಂಗಳ ಸಂದಿನಲ್ಲಿ ಕಿರಾಣಿಯವನೂ ಬಡ್ಡಿಯವನೂ ಸೇರಿ ಅವಳ ದುಡಿಮೆಯನ್ನೆಲ್ಲ ಹೀರುತ್ತಿದ್ದರು.

ಗೋವಾ ವಿಮೋಚನೆಯಲ್ಲಿ ಭಾಗಿಯಾಗಿ, ಕಮ್ಯುನಿಸ್ಟ್ ಕಾರ್ಮಿಕ ಸಂಘಟನೆಯಲ್ಲಿ ಪಳಗಿದ ಪ್ರೇಮಾ ಪುರವ್ 1975ರಲ್ಲಿ ಈ ಹೆಂಗಸರನ್ನು ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಟ್ಟುಗೂಡಿಸಿದರು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು, ಬಡವರಿಗೂ ಸಾಲ ಕೊಡಬೇಕೆಂಬ ಮಾತಿತ್ತು. ಮಾತನ್ನು ಹಿಡಿದುಕೊಂಡು ಅವರು ಬ್ಯಾಂಕ್ ಆಫ್ ಬರೋಡಾದ ಬಾಗಿಲು ತಟ್ಟಿದರು. ಮೊದಲ ಕಂತಿನಲ್ಲಿ 14 ಹೆಂಗಸರಿಗೆ ಸಾಲ ಸಿಕ್ಕಿತು, ಒಬ್ಬರಿಗೊಬ್ಬರು ಜಾಮೀನು. ಹಲವರಿಗೆ ಸಹಿ ಬರುತ್ತಿರಲಿಲ್ಲ, ಅಡವಿಡಲು ಏನೂ ಇರಲಿಲ್ಲ. ಸ್ವಸಹಾಯ ಗುಂಪು, ಕಿರುಸಾಲ ಎಂಬ ಮಾತುಗಳು ಸರಕಾರಿ ಕಡತ ಸೇರುವ ಎಷ್ಟೋ ಮುಂಚಿನ ಮಾತು ಇದು. 2002ರಲ್ಲಿ ಪ್ರೇಮಾ ಪುರವ್ ಅವರಿಗೆ ಪದ್ಮಶ್ರೀ ಬಂತು. ಗಮನಿಸಬೇಕಾದದ್ದು ಏನೆಂದರೆ, ಇಲ್ಲೂ ಯಾರೂ ಅಡುಗೆ ಕಲಿಸಲಿಲ್ಲ. ಅಡುಗೆಯವಳಿಗೂ ಗಿರಾಕಿಗೂ ನಡುವೆ ಇದ್ದ ಗೋಡೆ ಮುಂಬಯಿಯಲ್ಲಿ ಬಡ್ಡಿಯದಾಗಿತ್ತು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪರವಾನಗಿಯದು. ಎರಡೂ ಕಡೆ ಒಳ್ಳೆಯ ಕೆಲಸ ಮಾಡಿದವರು ಗೋಡೆ ಎಲ್ಲಿದೆ ಎಂದು ಮೊದಲು ನೋಡಿದರು.

ಹಾಗೆಂದು ಗೋಡೆ ಕೆಡವಿದರೆ ಎಲ್ಲ ಸರಿಹೋಯಿತೆಂದಲ್ಲ. ಉಣ್ಣುವವರೇ ಎದ್ದು ಹೋದರೆ?

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಗಿರಣಿಗಳಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಮುಷ್ಕರ ವರ್ಷ ದಾಟಿತು, ಅಧಿಕೃತವಾಗಿ ಮುಗಿಯಲೇ ಇಲ್ಲ, ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ಕಾರ್ಮಿಕರು ಊರಿಗೆ ಮರಳಿದರು. ಪಗಾರವಿಲ್ಲದವರಿಗೆ ಉದ್ರಿ ಊಟ ಹಾಕುತ್ತ ಖಾನಾವಳಿಯ ಹೆಂಗಸರೂ ಸಾಲಕ್ಕೆ ಬಿದ್ದರು. ಅನ್ನಪೂರ್ಣಾ ಉಳಿದದ್ದು ಕೇಟರಿಂಗ್, ಕಚೇರಿಗಳ ಊಟ, ಹಾಸ್ಟೆಲು ಎಂದು ಬೇರೆ ದಾರಿ ಹಿಡಿದದ್ದರಿಂದ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಿರಣಿಯ ಜಾಗದಲ್ಲಿ ಸಾಫ್ಟ್‌ವೇರ್ ಕಚೇರಿಗಳಿದ್ದವು. ಲಾ ಕೊಸೀನಾದ ಹೆಂಗಸರಲ್ಲಿ ಅನೇಕರ ಗಟ್ಟಿ ಆದಾಯ ಕಂಪನಿಗಳ ಮಧ್ಯಾಹ್ನದ ಊಟದ ಆರ್ಡರುಗಳದು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಕಚೇರಿಗಳು ಒಂದೇ ವಾರದಲ್ಲಿ ಖಾಲಿಯಾದವು. ಸಂಸ್ಥೆ ಆಗಲೇ ಒಂದು ದೊಡ್ಡ ಸಾಹಸಕ್ಕೆ ಕೈಹಾಕಿತ್ತು. ನಗರದ ಅತ್ಯಂತ ಬಡ ಕೇರಿಗಳಲ್ಲೊಂದಾದ ಟೆಂಡರ್‌ಲಾಯ್ನ್‌ನಲ್ಲಿ, ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ, ಹೆಂಗಸರೇ ನಡೆಸುವ ಏಳು ಮಳಿಗೆಗಳ ಊಟದ ಮಾರುಕಟ್ಟೆ. ಕಟ್ಟಡ ನಗರಾಡಳಿತದ್ದು, ಅಲ್ಲಿ ಮುಂದೆ ಬಡವರ ವಸತಿ ಕಟ್ಟುವವರೆಗೆ ಕೆಲವು ವರ್ಷಗಳ ಮಟ್ಟಿಗೆ ಕೊಟ್ಟದ್ದು. 2021ರ ಏಪ್ರಿಲ್‌ನಲ್ಲಿ ಅದು ತೆರೆಯಿತು. ಪತ್ರಿಕೆಗಳು ಕೊಂಡಾಡಿದವು. ಆದರೆ ಹತ್ತಿರದ ಸರಕಾರಿ ಕಚೇರಿಗಳ ನೌಕರರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಬರುವವರು ಸಾಲದಾದರು. ಕೇರಿಯ ಬಡವರಿಗೆ ಆ ಊಟದ ಬೆಲೆ ಹೆಚ್ಚು, ಹೊರಗಿನವರಿಗೆ ಆ ಕೇರಿಗೆ ಬರಲು ಅಂಜಿಕೆ. 2023ರಲ್ಲಿ ಗಿರಾಕಿಗಳಿಗೆ ಬಾಗಿಲು ಮುಚ್ಚಿ, ಅದನ್ನು ಕೇಟರಿಂಗ್‌ನವರು ಹಂಚಿಕೊಂಡು ಬಳಸುವ ಅಡುಗೆಮನೆಯಾಗಿ ಬದಲಿಸಿದರು. ಆಸಕ್ತಿಯ ಸಂಗತಿಯೆಂದರೆ, ಸೋತದ್ದು ಮಾರುಕಟ್ಟೆ, ಉಳಿದದ್ದು ಅಡುಗೆಮನೆ.

ನಮ್ಮ ಕಡೆ ಹೇಗಿದೆ? ಬೆಂಗಳೂರಿಗೆ ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ರೊಟ್ಟಿ ಬಡಿಯಲು ಬಾರದ ಹೆಂಗಸನ್ನು ಹುಡುಕಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗೆ ಊರು ತುಂಬ ಗಿರಾಕಿಗಳಿದ್ದಾರೆ. ಕಾಗದದ ಮೇಲೆ ದಾರಿಯೂ ಸಲೀಸು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನ ಸಣ್ಣ ತಿಂಡಿ ವ್ಯಾಪಾರಕ್ಕೆ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ಗೊತ್ತುಮಾಡಿದ್ದರು, ಮನೆಯಲ್ಲೇ ಮಾಡಿದರೂ ಅಡ್ಡಿಯಿಲ್ಲ. ಈ ಒಂದು ವಿಷಯದಲ್ಲಿ ನಾವು ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಉದಾರಿಗಳು. ಬೀದಿಬದಿ ವ್ಯಾಪಾರಿಗಳ ಹಕ್ಕಿಗೆ 2014ರ ಕಾಯ್ದೆ ಇದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯಂತ್ರ ಕೊಳ್ಳಲು ಖರ್ಚಿನ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ, ಸ್ವಸಹಾಯ ಗುಂಪಿನ ಸದಸ್ಯೆಯರಿಗೆ ತಲಾ 40 ಸಾವಿರ ಮೂಲ ಬಂಡವಾಳ ಇಟ್ಟಿದ್ದರು.

ಗೋಡೆ ಇಲ್ಲಿ ಬೇರೆ ಕಡೆ ಎದ್ದಿದೆ. ಅವಳ ಮನೆ ತಗಡಿನ ಶೆಡ್ಡು, ಅಥವಾ ಹತ್ತಡಿಗೆ ಹತ್ತಡಿಯ ಬಾಡಿಗೆ ಕೋಣೆ. ಬಾಡಿಗೆ ಕರಾರು ಬಾಯಿಮಾತಿನದು. ರೇಷನ್ ಕಾರ್ಡು ಊರಿನ ವಿಳಾಸದ್ದು, ಸ್ವಸಹಾಯ ಗುಂಪೂ ಊರಿನಲ್ಲೇ ಉಳಿದಿದೆ. ಬೆಳಗಿನ ಜಾವ ರೊಟ್ಟಿ ಬಡಿಯುವ ಸದ್ದಿಗೆ ಮನೆ ಮಾಲೀಕ ಎದ್ದು ಬಂದು ಗದರುತ್ತಾನೆ. ಕೊಳಾಯಿ ನೀರು ದಿನ ಬಿಟ್ಟು ದಿನ. ಯಂತ್ರಕ್ಕೆ ಸಹಾಯಧನ ಕೊಡುತ್ತೇವೆ ಎಂದರೆ ಆ ಯಂತ್ರವನ್ನು ಅವಳು ಎಲ್ಲಿ ಇಡಬೇಕು? ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್ ಕಿಚನ್‌ಗಳು ಆ್ಯಪ್ ಕಂಪನಿಗಳಿಗೂ ಹೂಡಿಕೆದಾರರಿಗೂ ಸರಿ. ಅಲ್ಲಿ ಕೇಳುವ ಮುಂಗಡ ಅವಳ ಒಂದು ವರ್ಷದ ಗಳಿಕೆಯನ್ನೂ ಮೀರುತ್ತದೆ. ಅವಳಿಗೆ ಬೇಕಾದದ್ದು ಗಂಟೆಯ ಲೆಕ್ಕದಲ್ಲಿ ಸಿಗುವ ಒಲೆ, ನೀರು, ಸಾಮಾನು ಇಡಲು ಬೀಗವಿರುವ ಒಂದು ಕಪಾಟು, ಮತ್ತು ನೋಂದಣಿ ಪತ್ರದಲ್ಲಿ ಬರೆಯಲು ಒಂದು ವಿಳಾಸ.

ಇದಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಕಲ್ಯಾಣ ಮಂಟಪಗಳಿವೆ. ಹಿಂದುಗಡೆ ದೊಡ್ಡ ಅಡುಗೆಮನೆ, ಕೊಪ್ಪರಿಗೆ ಏರಿಸುವ ಒಲೆಗಳು, ನೀರಿನ ತೊಟ್ಟಿ, ಉಗ್ರಾಣ, ಬಡಿಸಲು ಪಾತ್ರೆ. ಮುಹೂರ್ತವಿಲ್ಲದ ದಿನಗಳಲ್ಲಿ ಅವೆಲ್ಲ ಖಾಲಿ, ಆಷಾಢದಲ್ಲಂತೂ ತಿಂಗಳಿಡೀ ಬೀಗ. ಒಂದು ವಾರ್ಡಿಗೆ ಒಂದು ಮಂಟಪ ಬೆಳಗಿನ ಐದು ಗಂಟೆಯ ಮಟ್ಟಿಗೆ ಬಾಡಿಗೆಗೆ ಸಿಕ್ಕರೂ ಹತ್ತು ಹದಿನೈದು ಹೆಂಗಸರ ರೊಟ್ಟಿ, ಹೋಳಿಗೆ, ಚಟ್ನಿಪುಡಿ ಅಲ್ಲೇ ತಯಾರಾದೀತು. ಮದುವೆ ಇದ್ದ ದಿನ ಬಿಡುವು, ಇಲ್ಲವೇ ಆ ಮದುವೆಯದೇ ಆರ್ಡರು. ಗುತ್ತಿಗೆ ಪತ್ರಕ್ಕೆ ನಗರಾಡಳಿತವೋ ಒಂದು ಸಹಕಾರ ಸಂಘವೋ ಸಹಿ ಹಾಕಬೇಕು, ಏಕೆಂದರೆ ಮಂಟಪದ ಮಾಲೀಕರು ಈ ಹೆಂಗಸರನ್ನು ನೇರವಾಗಿ ನಂಬುವುದಿಲ್ಲ. ಪ್ರಸ್ತಾಪ ಇಟ್ಟರೆ ಅವರು ಕೇಳುವ ಮೊದಲ ಪ್ರಶ್ನೆ, ಒಳಗೆ ಮೊಟ್ಟೆ ಮಾಂಸ ಬೇಯಿಸುತ್ತಾರಾ ಎಂಬುದು. ಎರಡನೆಯದು, ಅಡ್ವಾನ್ಸ್ ಎಷ್ಟು ಕೊಡುತ್ತೀರಿ ಎಂಬುದು. ಎರಡನೆಯದಕ್ಕೆ ಯಾವುದಾದರೂ ಯೋಜನೆಯಲ್ಲಿ ಹಣ ಸಿಕ್ಕೀತು.